ಮಲಗಿ ನೋಡಿದೆವು, ಎದ್ದು ನೋಡಲಿಲ್ಲ

ಕಾರಿನ ಹಿಂದೆ ಎಳೆದುಕೊಂಡು ಹೋಗುವ ಚಿಕ್ಕ ಕ್ಯಾರವಾನ್, ಅಂದರೆ ಮಲಗಲು, ಅಡುಗೆಗೆ ಅನುಕೂಲವಿರುವ ಚಕ್ರದ ಮನೆ, ನಮ್ಮ ಹತ್ತಿರ ಮೊದಲೇ ಇತ್ತು. ಅದರಲ್ಲಿ ದಿನಾ ರಾತ್ರಿ ಸೀಟು ಎಳೆದು, ಕುಶನ್ ಜೋಡಿಸಿ ಹಾಸಿಗೆ ಮಾಡಬೇಕು. ನನ್ನ ಸೊಂಟಕ್ಕೂ ನಮ್ಮ ಯಜಮಾನರ ಮಂಡಿಗೂ ಸಾಕುಸಾಕಾಗಿತ್ತು. ಹಾಗಾಗಿ ಕಾಯಂ ಮಂಚ ಇರುವ ದೊಡ್ಡದನ್ನು ಕೊಂಡೆವು. ವಯಸ್ಸಾದವರು ಇದೇ ಯೋಚನೆಯಲ್ಲಿದ್ದರೆ ದಯವಿಟ್ಟು ಓದಿ.

ನಡುವೆ ಅಡ್ಡಡ್ಡ ಮಂಚ, ಅದರಾಚೆ ಹಿಂಬದಿಯಲ್ಲಿ ಟಾಯ್ಲೆಟ್ಟು, ಸ್ನಾನದ ಜಾಗ. ಷೋರೂಮಿನಲ್ಲಿ ಮಂಚವನ್ನು ಒಳಕ್ಕೆ ತಳ್ಳಿಟ್ಟಿದ್ದರು, ತಲೆಯ ಕಡೆ ಎತ್ತಿತ್ತು. ಓಡಾಡಲು ಧಾರಾಳ ಜಾಗ! ಚಪ್ಪಲಿ ಬಿಟ್ಟು ಇಬ್ಬರೂ ಮಲಗಿ ನೋಡಿದೆವು. ಹಾಯಾಗಿತ್ತು. ಸಹಿ ಹಾಕಿದೆವು.

ಮೊದಲ ರಾತ್ರಿಯೇ ಬಣ್ಣ ಬಯಲಾಯಿತು. ಮಲಗಬೇಕೆಂದರೆ ಮಂಚವನ್ನು ಪೂರ್ತಿ ಹೊರಕ್ಕೆ ಎಳೆಯಬೇಕು. ಎಳೆದರೆ ಕಾಲಿನ ಕಡೆ ಉಳಿಯುವುದು ಒಂದು ಸಂದಿ. ಟಾಯ್ಲೆಟ್ಟಿಗೆ ದಾರಿ ಅದೇ. ರಾತ್ರಿ ಮೂರು ಸಲ ಏಳುವ ಮನುಷ್ಯ ಕತ್ತಲಲ್ಲಿ ಅಡ್ಡಡ್ಡಲಾಗಿ ಏಡಿಯ ಹಾಗೆ ನಡೆಯಬೇಕು. ಎರಡನೇ ರಾತ್ರಿ ಕಾಲ್ಬೆರಳು ಮೂಲೆಗೆ ಬಡಿದು ಉಗುರೇ ಕಪ್ಪಾಯಿತು. ಬೇರೆ ಬೇರೆ ಎರಡು ಮಂಚ, ನಡುವೆ ದಾರಿ ಇರುವ ಮಾದರಿಯೂ ಅಲ್ಲೇ ಪಕ್ಕದಲ್ಲಿತ್ತು. "ಈ ವಯಸ್ಸಲ್ಲಿ ಬೇರೆ ಮಲಗೋದಾ" ಅಂತ ನಕ್ಕು ಮುಂದೆ ಹೋಗಿದ್ದೆವು.

ಎರಡನೇ ಪೆಟ್ಟು ತೂಕದ್ದು. ಗಾಡಿ ದೊಡ್ಡದಾದರೆ ಜಾಸ್ತಿ ಸಾಮಾನು ಹಾಕಬಹುದು ಅಂತ ನಮ್ಮ ಲೆಕ್ಕ. ಹಾಗಲ್ಲ. ಗಾಡಿಗೆ ಹಾಕಿರುವ ಪ್ಲೇಟಿನ ಮೇಲೆ ಬರೆದಿರುವ ಗರಿಷ್ಠ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ, ಉಳಿದದ್ದಷ್ಟೇ ನಿಮ್ಮದು. ನಮಗೆ ಉಳಿದದ್ದು 150 ಕೆಜಿ. ಕಾರಿನಿಂದ ಬಿಚ್ಚಿದ ಮೇಲೆ ಇಷ್ಟು ದೊಡ್ಡ ಗಾಡಿಯನ್ನು ಕೈಯಲ್ಲಿ ತಳ್ಳಲು ನಮ್ಮಿಂದಾಗದು, ಚಕ್ರ ತಿರುಗಿಸುವ ಮೋಟಾರು ಬೇಕೇ ಬೇಕು. ಅದಕ್ಕೆ 30 ಕೆಜಿ, ಅದರ ಬ್ಯಾಟರಿಗೆ 20ರ ಮೇಲೆ. ಮುಂದೆ ಕಟ್ಟುವ ಟೆಂಟು, ಗ್ಯಾಸು, ಕುರ್ಚಿ, ಪಾತ್ರೆ ಸೇರಿದರೆ ಬಟ್ಟೆಗೆ ಏನು ಉಳಿಯುತ್ತೆ ಹೇಳಿ? ಜಾಗ ಇದೆ ಅಂತ ಭಾರದ್ದನ್ನೆಲ್ಲ ಮುಂದಿನ ಪೆಟ್ಟಿಗೆಗೆ ತುಂಬಿದೆವು. ಕಾರಿನ ಕೊಕ್ಕೆಯ ಮೇಲೆ ಬೀಳುವ ಭಾರಕ್ಕೂ ಒಂದು ಮಿತಿ ಇದೆ ಅಂತ ಆಮೇಲೆ ಗೊತ್ತಾಯಿತು.

ಟಾಯ್ಲೆಟ್ಟಿನ ಕೆಳಗೆ ಹೊಲಸು ಸೇರುವ ಡಬ್ಬಿ ತುಂಬಿದರೆ ಹತ್ತಿರ ಹತ್ತಿರ 20 ಕೆಜಿ. ನೀರಿನ ಪೀಪಾಯಿ 40 ಲೀಟರಿನದು, ಅಂದರೆ 40 ಕೆಜಿ. ಅದನ್ನಾದರೂ ಉರುಳಿಸಬಹುದು. ಡಬ್ಬಿಯನ್ನು ಬಗ್ಗಿ ಎಳೆದು ತೆಗೆಯಲೇಬೇಕು. ಕೊಳ್ಳುವ ಮುಂಚೆ ನಾವು ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಮೆಟ್ಟಿಲು ಎಷ್ಟು ಎತ್ತರ, ಹಿಡಿದುಕೊಳ್ಳಲು ಬಾಗಿಲ ಹತ್ತಿರ ಹಿಡಿ ಇದೆಯಾ ಅಂತಲೂ ನೋಡಲಿಲ್ಲ.

ಮಾರುವವರು ಸುಳ್ಳೇನೂ ಹೇಳಲಿಲ್ಲ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ, ಅಷ್ಟೇ.

ಈಗ ಅದು ಮಾರಾಟಕ್ಕಿದೆ. ಮೊನ್ನೆ ನಮ್ಮದೇ ವಯಸ್ಸಿನ ಗಂಡ ಹೆಂಡತಿ ನೋಡಲು ಬಂದು, ನೇರ ಹೋಗಿ ಮಂಚದ ಮೇಲೆ ಮಲಗಿದರು. ನನಗೆ ತಡೆಯಲಾಗಲಿಲ್ಲ. "ಏಳಿ, ಮಂಚ ಪೂರ್ತಿ ಎಳೀತೀನಿ. ದೀಪ ಆರಿಸಿ ಒಂದ್ಸಲ ಟಾಯ್ಲೆಟ್ಟಿಗೆ ಹೋಗಿಬನ್ನಿ" ಅಂದೆ. ನಮ್ಮ ಯಜಮಾನರು ನನ್ನನ್ನು ದುರುಗುಟ್ಟಿ ನೋಡಿದರು.