ಸಂಪಿನ ಮೋಟಾರಿಗೆ ಆ ನೀಲಿ ರಿಲೇ ಬೇಡ

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರನ್ನು ನೋಡ್‌ಎಂಸಿಯು (ಇಎಸ್‌ಪಿ8266 ಚಿಪ್ಪಿನ ಪುಟ್ಟ ವೈಫೈ ಬೋರ್ಡು) ಮತ್ತು 5 ವೋಲ್ಟಿನ ನೀಲಿ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಮಾಡ್ಯೂಲಿನಿಂದ ನಡೆಸುತ್ತಿದ್ದೀರಾ? ಅಥವಾ ಬೆಂಗಳೂರಿನ ಎಸ್‌ಪಿ ರೋಡಿನಿಂದ ಸಾಮಾನು ತಂದಿಟ್ಟುಕೊಂಡು ಭಾನುವಾರಕ್ಕೆ ಕಾಯುತ್ತಿದ್ದೀರಾ? ವೈರಿಂಗಿಗೆ ಕೈ ಹಾಕುವ ಮುಂಚೆ ಇದನ್ನು ಓದಿ.

ಒಂದು ಮನೆಯಲ್ಲಿ ಆದದ್ದು: 1 ಎಚ್‌ಪಿ ಮೊನೊಬ್ಲಾಕ್ ಪಂಪು, ಕೆಲವು ತಿಂಗಳು ತಕರಾರಿಲ್ಲದೆ ಓಡಿತು. ಒಂದು ದಿನ ಟ್ಯಾಂಕು ತುಂಬಿತು. ಕೋಡು ಆಫ್ ಎಂದಿತು, ಫೋನಿನ ಆ್ಯಪಿನಲ್ಲೂ ಆಫ್, ರಿಲೇ ಬೋರ್ಡಿನ ಎಲ್‌ಇಡಿಯೂ ಆರಿತ್ತು. ಮೋಟಾರು ಮಾತ್ರ ನಿಲ್ಲಲಿಲ್ಲ. ಟ್ಯಾಂಕು ಉಕ್ಕಿತು, ಸಂಪು ಬರಿದಾಯಿತು, ನೀರಿಲ್ಲದೆ ಓಡಿದ ಪಂಪಿನ ಮೆಕ್ಯಾನಿಕಲ್ ಸೀಲು ಸುಟ್ಟುಹೋಯಿತು.

ರಿಲೇಯ ಮೇಲೆ 10 ಆಂಪಿಯರ್, 250 ವೋಲ್ಟ್ ಎಸಿ ಎಂದು ಅಚ್ಚಾಗಿರುತ್ತದೆ. ಅದು ಸುಳ್ಳಲ್ಲ, ಆದರೆ ಹೀಟರಿನಂಥ ರೆಸಿಸ್ಟಿವ್ ಲೋಡಿಗೆ ಹೇಳಿದ ಮಾತು. 1 ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಓಡುವಾಗ ಎಳೆಯುವುದು ಸುಮಾರು 5ರಿಂದ 7 ಆಂಪಿಯರ್. ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು, ಎಂದರೆ 30 ಆಂಪಿಯರಿಗೂ ಮೇಲೆ. ರಿಲೇಯ ಸಂಪರ್ಕಬಿಂದುಗಳು ಕೂಡುವಾಗ ಒಮ್ಮೆಗೇ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡು ಪುಟಿಯುತ್ತವೆ. ಆ ಪುಟಿತದ ಹೊತ್ತಿಗೇ 30 ಆಂಪಿಯರ್ ಹರಿದರೆ ಕಿಡಿ ಹಾರಿ, ಲೋಹ ಕರಗಿ ಬೆಸುಗೆಯಾಗುತ್ತದೆ. ಬೆಸೆದುಕೊಂಡ ಬಿಂದುವನ್ನು ಬಿಡಿಸುವ ಕೋಡು ಯಾರೂ ಬರೆದಿಲ್ಲ.

ಇಲ್ಲೇ ಇನ್ನೊಂದು ಮೋಸವಿದೆ. ರಿಲೇಯ ಡಬ್ಬಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಎಷ್ಟೋ ಸಲ ಅದು ಬಿಟ್ಟುಕೊಂಡು ಮತ್ತೆ ಕೆಲಸ ಮಾಡತೊಡಗುತ್ತದೆ. ‘ಸರಿಹೋಯ್ತು’ ಎಂದು ಅದನ್ನೇ ಮುಂದುವರಿಸಬೇಡಿ. ಮೇಲ್ಮೈ ಆಗಲೇ ಒರಟಾಗಿರುತ್ತದೆ, ಮುಂದಿನ ಬೆಸುಗೆ ಇನ್ನೂ ಬೇಗ ಆಗುತ್ತದೆ. ಪರೀಕ್ಷಿಸುವುದಾದರೆ ಮೇನ್ಸ್ ಆಫ್ ಮಾಡಿ, ವೈರು ಬಿಚ್ಚಿ, ಕಾಮನ್ ಮತ್ತು ಎನ್‌ಓ (ರಿಲೇ ಆಫ್ ಇದ್ದಾಗ ತೆರೆದಿರಬೇಕಾದ) ಟರ್ಮಿನಲ್ ನಡುವೆ ಮಲ್ಟಿಮೀಟರಿನ ಕಂಟಿನ್ಯುಟಿ ನೋಡಿ. ರಿಲೇಯನ್ನು ಎಳೆಯುವ ಸುರುಳಿಗೆ (ಕಾಯಿಲ್) ಕರೆಂಟಿಲ್ಲದಿದ್ದರೂ ಬೀಪ್ ಬಂದರೆ ರಿಲೇ ಕಸದ ಬುಟ್ಟಿಗೆ.

ಕರೆಂಟು ಹೋಗಿ ಬರುವಾಗಿನ ತೊಂದರೆ ಬೇರೆ. ಈ ಮಾಡ್ಯೂಲುಗಳಲ್ಲಿ ಬಹುಪಾಲು ಆ್ಯಕ್ಟಿವ್ ಲೋ: ಪಿನ್ ಲೋ ಆದರೆ ರಿಲೇ ಆನ್. ಇಎಸ್‌ಪಿ8266ರ ಡಿ4 ಪಿನ್ ಬೂಟ್ ಆಗುವಾಗ ತಾನಾಗಿಯೇ ಮಿಡಿಯುತ್ತದೆ, ಟಿಎಕ್ಸ್ (ಸೀರಿಯಲ್ ಡೇಟಾ ಕಳಿಸುವ ಪಿನ್) ಕೂಡ. ಅಲ್ಲಿಗೆ ರಿಲೇ ಸಿಕ್ಕಿಸಿದರೆ ಕರೆಂಟು ಬಂದಾಗಲೆಲ್ಲ ಮೋಟಾರು ಟಕಟಕ ಎಂದು ಹೊರಟು ನಿಲ್ಲುತ್ತದೆ, ಪ್ರತಿ ಸಲವೂ ಆ 30 ಆಂಪಿಯರ್ ಸಮೇತ. ಡಿ3ಕ್ಕೆ ಹಾಕಿ, ಅದನ್ನು ಏನಾದರೂ ಲೋಗೆ ಎಳೆದರೆ ಬೋರ್ಡು ಬೂಟ್ ಆಗುವುದೇ ಇಲ್ಲ. ಡಿ1, ಡಿ2 ಬಳಸಿ. ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಬಿಡಿಭಾಗ) ಇಲ್ಲದ ಕೆಲವು ಅಗ್ಗದ ಒಂಟಿ ಚಾನೆಲ್ ಬೋರ್ಡುಗಳಲ್ಲಿ 3.3 ವೋಲ್ಟಿನ ಹೈ ಸಾಲದೆ ರಿಲೇ ಆಫ್ ಆಗುವುದೇ ಇಲ್ಲ ಎಂಬುದೂ ನೆನಪಿರಲಿ. ಆ್ಯಪು ಕೊನೆಯ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವಂತಿದ್ದರೆ ಆ ಸೌಲಭ್ಯವನ್ನು ತೆಗೆದುಹಾಕಿ.

ಸರಿಯಾದ ಜೋಡಣೆ ಹೀಗೆ. ಮೋಟಾರಿನ ಕರೆಂಟು ಕಾಂಟ್ಯಾಕ್ಟರಿನ (ಭಾರೀ ಲೋಡಿಗೆಂದೇ ಮಾಡಿದ ದೊಡ್ಡ ರಿಲೇ) ಮೂಲಕ ಹೋಗಲಿ. ಅದರ ಮೇಲೆ ಎಸಿ-3 (ಮೋಟಾರು ಲೋಡಿನ) ರೇಟಿಂಗ್ 9 ಆಂಪಿಯರ್ ಅಥವಾ ಹೆಚ್ಚು ಇರಲಿ, ಜೊತೆಗೆ ನೇಮ್‌ಪ್ಲೇಟಿನ ಆಂಪಿಯರಿಗೆ ಹೊಂದಿಸಿದ, ಕರೆಂಟು ಮಿತಿ ಮೀರಿದರೆ ಮೋಟಾರು ನಿಲ್ಲಿಸುವ ಓವರ್‌ಲೋಡ್ ರಿಲೇ. ನಿಮ್ಮ ಪುಟ್ಟ ರಿಲೇ ಕಾಂಟ್ಯಾಕ್ಟರಿನ 230 ವೋಲ್ಟ್ ಸುರುಳಿಯನ್ನಷ್ಟೇ ಎತ್ತಲಿ. ಆ ಸುರುಳಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 (ಮೇನ್ಸಿಗೆ ತಕ್ಕ) ಕೆಪ್ಯಾಸಿಟರಿನ ಸ್ನಬರ್, ಎಂದರೆ ವೋಲ್ಟೇಜಿನ ಹೊಡೆತ ತಗ್ಗಿಸುವ ಜೋಡಿ, ಹಾಕಿ. ಇಲ್ಲದಿದ್ದರೆ ಅದು ಬಿಡುವಾಗಿನ ಹೊಡೆತಕ್ಕೆ ಇಎಸ್‌ಪಿ ರೀಸೆಟ್ ಆಗಬಹುದು.

ಮಾಡ್ಯೂಲಿನ ಬದಲು ಬರೀ ಪುಟ್ಟ ರಿಲೇಯನ್ನು ನೀವೇ ಓಡಿಸುವುದು ಉತ್ತಮ: ಬಿಸಿ337 ಟ್ರಾನ್ಸಿಸ್ಟರ್, ಬೇಸಿಗೆ 1 ಕೆ (ಕಿಲೋಓಮ್) ರೆಸಿಸ್ಟರ್, ಬೇಸಿನಿಂದ ಗ್ರೌಂಡಿಗೆ 10 ಕೆ, ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್. ಆಗ ಪಿನ್ ಹೈಯೂ ಅಲ್ಲದೆ ಲೋಯೂ ಅಲ್ಲದೆ ತೇಲುತ್ತಿದ್ದರೂ ರಿಲೇ ಆಫ್. ಇನ್ನು ಸುರುಳಿಯ 5 ವೋಲ್ಟ್ ತಂತಿಯನ್ನು ಟ್ಯಾಂಕಿನ ಫ್ಲೋಟ್ ಸ್ವಿಚ್ಚಿನ ಮೂಲಕ ತನ್ನಿ. ಸುರುಳಿಗೆ ಬೇಕಾದ್ದು ಸುಮಾರು 70 ಮಿಲಿಆಂಪಿಯರ್, ತೆಳು ವೈರು ಸಾಕು; ನೀರಿನ ಹತ್ತಿರ ಮೇನ್ಸೂ ಹೋಗುವುದಿಲ್ಲ. ಕೋಡು ಹ್ಯಾಂಗ್ ಆದರೂ ಟ್ಯಾಂಕು ತುಂಬಿದೊಡನೆ ರಿಲೇ ಬಿಟ್ಟುಕೊಳ್ಳುತ್ತದೆ.

ಈ ರಿಲೇಗಳಲ್ಲಿ ಕಾಮನ್ ಪಿನ್ ಇರುವುದೇ ಸುರುಳಿಯ ಎರಡು ಪಿನ್ನುಗಳ ನಡುವೆ. ಫೇಸಿಗೂ ನಿಮ್ಮ 5 ವೋಲ್ಟಿಗೂ ಕೆಲವೇ ಮಿಲಿಮೀಟರ್ ಅಂತರ. ಮೇನ್ಸ್ ಇರುವಾಗ ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ ಕೋಡು ತಿದ್ದುವ ಅಭ್ಯಾಸ ಬಿಡಿ.

ಕೋಡಿನಲ್ಲಿ ಎರಡು ನಿಯಮ ಕಡ್ಡಾಯ. ವೈಫೈ ಸಿಗುವ ತನಕ ಕಾಯುವ ವೈಲ್ ಲೂಪು ಇರಕೂಡದು. ರೌಟರು ಕೈಕೊಟ್ಟಾಗ ಮೋಟಾರು ಆನ್ ಇದ್ದರೆ ಅದು ಹಾಗೇ ಉಳಿಯುತ್ತದೆ. ಟ್ಯಾಂಕು ತುಂಬಲು ಎಷ್ಟು ನಿಮಿಷ ಬೇಕೋ ಅಳೆದು, ಅದರ ಒಂದೂವರೆ ಪಟ್ಟಿಗೆ ಗರಿಷ್ಠ ಓಟದ ಮಿತಿ ಹಾಕಿ.

ಕಾಂಟ್ಯಾಕ್ಟರೂ ಎಂದಾದರೂ ಬೆಸೆಯಬಹುದು. ಅದಕ್ಕೆ ಮೋಟಾರಿನ ಫೇಸ್ ವೈರಿಗೆ ಎಸ್‌ಸಿಟಿ-013ರಂಥ, ವೈರನ್ನು ಸುತ್ತುವರಿದು ಕರೆಂಟು ಅಳೆಯುವ ಕ್ಲಾಂಪ್ ಸೆನ್ಸರ್ ಕಟ್ಟಿ. ಆದೇಶ ಆಫ್, ಆದರೂ 1 ಆಂಪಿಯರಿಗಿಂತ ಹೆಚ್ಚು ಹರಿಯುತ್ತಿದೆ ಎಂದರೆ ಬಜರ್ ಕೂಗಲಿ. ಆ ಬಜರು ಮೋಟಾರಿನ ಪಕ್ಕದಲ್ಲಲ್ಲ, ಅಡುಗೆಮನೆಯಲ್ಲಿರಲಿ.