ಚಿಕ್ಕಮಗಳೂರು ಹೋಂಸ್ಟೇಗೆ ಅಡ್ವಾನ್ಸ್ ಹಾಕೋರು ಇದನ್ನ ಓದಿ ಆಮೇಲೆ ಹಾಕಿ

13,500 ರೂಪಾಯಿ ಹೋಯಿತು. ನನ್ನೊಬ್ಬಳದಲ್ಲ, ಐದು ಜನರದು. ಆದರೆ ಕಳಿಸಿದ್ದು ನನ್ನ ಅಕೌಂಟ್‌ನಿಂದ, ಬುಕ್ ಮಾಡಿದ್ದು ನನ್ನ ಹೆಸರಲ್ಲಿ, ಮೋಸ ಮಾಡಿದವನ ಜೊತೆ ಮಾತಾಡಿದ್ದೂ ನಾನೇ. ಅದಕ್ಕೇ ಹೊಟ್ಟೆ ಜಾಸ್ತಿ ಉರಿಯುತ್ತಿದೆ.

ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಭಾನುವಾರ ಆಫೀಸಿನ ಗೆಳತಿಯರ ಜೊತೆ ಚಿಕ್ಕಮಗಳೂರಿಗೆ ಹೋಗೋಣ ಅಂತ ಪ್ಲಾನ್ ಆಗಿತ್ತು. ಆ ಸಮಯದಲ್ಲಿ ಬೆಂಗಳೂರಿನ ಅರ್ಧ ಜನ ಅಲ್ಲೇ ಇರುತ್ತಾರೆ, ಗೊತ್ತಲ್ಲ. ಕೇಳಿದಲ್ಲೆಲ್ಲ ಫುಲ್. ಆಗ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪೇಜ್ ಸಿಕ್ಕಿತು. ಎಸ್ಟೇಟ್ ಒಳಗೆ ಹೆಂಚಿನ ಮನೆ, ರಾತ್ರಿ ಕ್ಯಾಂಪ್‌ಫೈರ್, ಊಟ ತಿಂಡಿ ಎಲ್ಲಾ ಸೇರಿ ಒಬ್ಬರಿಗೆ 1,800. ರೇಟ್ ತೀರಾ ಕಡಿಮೆ ಇದ್ದಿದ್ದರೆ ಅನುಮಾನ ಬರುತ್ತಿತ್ತು. ಇದು ಎಲ್ಲರೂ ಹೇಳುವ ರೇಟೇ. ಫಾಲೋವರ್ಸ್ ಸಾವಿರಾರು ಜನ, ಕೆಳಗೆ 'ಸೂಪರ್ ಸ್ಟೇ' ಅಂತ ಕಾಮೆಂಟ್‌ಗಳು. ಆ ಕಾಮೆಂಟ್ ಹಾಕಿದವರ ಪ್ರೊಫೈಲ್‌ಗಳಲ್ಲಿ ಒಂದು ಪೋಸ್ಟೂ ಇರಲಿಲ್ಲ ಅನ್ನೋದು ಆಮೇಲೆ ನೋಡಿದ್ದು.

ಫೋನ್ ಮಾಡಿದರೆ ಆ ಮನುಷ್ಯ ಎಷ್ಟು ಚೆನ್ನಾಗಿ ಮಾತಾಡಿದ ಅಂದ್ರೆ! ಅಚ್ಚ ಕನ್ನಡ. "ನಮ್ದು ಸ್ವಂತ ತೋಟ ಮೇಡಂ. ಹೆಣ್ಮಕ್ಳೇ ಬರ್ತೀರಾ ಅಂದ್ರೆ ನಮ್ಮನೆಯವರು ಜೊತೆಗೇ ಇರ್ತಾರೆ, ಭಯ ಬೇಡ. ಅಕ್ಕಿ ರೊಟ್ಟಿ ಮಾಡಿಸಲಾ, ಕಡುಬು ಮಾಡಿಸಲಾ?" ಅಂತೆಲ್ಲ ಕೇಳಿದ. ಸೈಬರ್ ವಂಚನೆ ಅಂದ್ರೆ ಎಲ್ಲೋ ದೂರದಿಂದ ಹಿಂದಿಯಲ್ಲಿ ಮಾತಾಡುವವರು ಅಂತ ನಾವು ಅಂದುಕೊಂಡಿರುತ್ತೇವೆ. ಇವನು ಕಡುಬಿನ ಬಗ್ಗೆ ಮಾತಾಡುತ್ತಿದ್ದ ಕಣ್ರೀ.

ಅರ್ಧ ಅಡ್ವಾನ್ಸ್ ಕೇಳಿದ, 4,500. ಅದು ಮಾಮೂಲಿ, ಎಲ್ಲರೂ ಕೇಳುತ್ತಾರೆ. ಕ್ಯೂಆರ್ ಕಳಿಸಿದ. ಸ್ಕ್ಯಾನ್ ಮಾಡಿದಾಗ ಬೇರೆ ಹೆಸರು ಬಂತು. ಕೇಳಿದೆ. "ಅದು ನಮ್ಮ ಲೆಕ್ಕ ನೋಡ್ಕೊಳ್ಳೋ ಹುಡುಗನ ಅಕೌಂಟ್ ಮೇಡಂ, ತೋಟದ ಅಕೌಂಟ್‌ನಲ್ಲಿ ಲಿಮಿಟ್ ಮುಗಿದಿದೆ" ಅಂದ. ಜೊತೆಗೆ ಒಂದು ಆಧಾರ್ ಕಾರ್ಡ್ ಫೋಟೊ ಕಳಿಸಿದ, ನಾನು ಕೇಳಿಯೇ ಇರಲಿಲ್ಲ. ಕೇಳದೆ ಆಧಾರ್ ಕಳಿಸುವವನು ಇನ್ಯಾರದೋ ಆಧಾರ್ ಕಳಿಸುತ್ತಿದ್ದಾನೆ ಅಂತಲೇ ತಿಳ್ಕೊಳ್ಳಿ.

ಈಗ ಬರೋದು ಮುಖ್ಯ ವಿಷಯ. ಅಡ್ವಾನ್ಸ್ ಹೋದ ಸ್ವಲ್ಪ ಹೊತ್ತಿಗೇ ಅವನ ಫೋನ್ ಬಂತು. ದನಿಯಲ್ಲಿ ಗಾಬರಿ.

"ಮೇಡಂ, ಒಂದು ತೊಂದ್ರೆ ಆಗಿದೆ. ನೀವು ಅರ್ಧ ಹಾಕಿದ್ದಕ್ಕೆ ಬುಕಿಂಗ್ ಸಿಸ್ಟಮ್‌ನಲ್ಲಿ ಸಿಕ್ಕಾಕ್ಕೊಂಡಿದೆ. ಪೂರ್ತಿ 9,000 ಒಂದೇ ಸಲ ಬಂದ್ರೆ ಮಾತ್ರ ತಗೊಳ್ಳುತ್ತೆ. ನೀವು 9,000 ಹಾಕಿ, ಹಳೇ 4,500 ತಾನಾಗೇ ನಿಮ್ಮ ಅಕೌಂಟ್‌ಗೆ ವಾಪಸ್ ಬರುತ್ತೆ."

"ಬಾಕಿ 4,500 ಹಾಕಿದ್ರೆ ಆಗಲ್ವಾ?"

"ಆಗಲ್ಲ ಮೇಡಂ. ಸಿಸ್ಟಮ್ ತಗೊಳ್ಳಲ್ಲ. ನಂಗೂ ಇದೇ ತಲೆನೋವು. ನಿಮ್ಮ ರೂಮ್‌ಗೇ ಇನ್ನೊಂದು ಫ್ಯಾಮಿಲಿ ಕೇಳ್ತಾ ಕೂತಿದೆ, ನಿಮಗೋಸ್ಕರ ಹಿಡಿದಿಟ್ಟಿದೀನಿ."

ಯಾವ ಸಿಸ್ಟಮ್ ರೀ? ತೋಟದ ಮನೆಯ ಎರಡು ರೂಮಿಗೆ ಯಾವ ಸಿಸ್ಟಮ್? ಯುಪಿಐನಲ್ಲಿ ದುಡ್ಡು ಹೋಯಿತು ಅಂತ ಬಂದ ಮೇಲೆ ಅದು ಅವನ ಖಾತೆಯಲ್ಲಿ ಇದೆ ಅಂತಲೇ ಅರ್ಥ. ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಇನ್ನೊಂದು ಸಲ ಹಾಕಿದರೆ ಮೊದಲಿನದು ತಾನಾಗಿ ಬರುವುದೂ ಇಲ್ಲ. ಅವನೇ ವಾಪಸ್ ಕಳಿಸಿದರೆ ಮಾತ್ರ ಬರುತ್ತದೆ. ಮೊದಲು ಹೋದ ದುಡ್ಡು ಬರಲಿ ಅಂತ ಎರಡನೇ ಸಲ ಹಾಕಿಸುವುದು, ಇದೇ ಅವರ ಆಟ. ಮತ್ತೆ ಹೇಳ್ತೀನಿ, ಅಡ್ವಾನ್ಸ್ ಕೇಳುವುದು ಮೋಸ ಅಲ್ಲ. ಹಾಕಿದ ದುಡ್ಡು ಬರಬೇಕಾದರೆ ಇನ್ನಷ್ಟು ಹಾಕಿ ಅನ್ನುವುದು ಮೋಸ.

9,000 ಹೋಯಿತು. ತಕ್ಷಣ ಚಂದದ ಪಿಡಿಎಫ್ ಬಂತು, ಬುಕಿಂಗ್ ನಂಬರ್, ಸೀಲ್, ಸಹಿ, ಎಲ್ಲಾ ಇತ್ತು. 4,500 ಎಲ್ಲಿ ಅಂತ ಕೇಳಿದಾಗೆಲ್ಲ ಒಂದೇ ಉತ್ತರ: "ಪ್ರೋಸೆಸ್‌ನಲ್ಲಿದೆ ಮೇಡಂ, ನೀವು ಬರೋದ್ರೊಳಗೆ ಬರುತ್ತೆ." ಮುಳ್ಳಯ್ಯನಗಿರಿಗೆ ಪಾಸ್ ಬೇಕಲ್ವಾ ಅಂದಿದ್ದಕ್ಕೆ, "ಅದೆಲ್ಲ ನಾವೇ ಮಾಡಿಸಿರ್ತೀವಿ" ಅಂದ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗಲೂ ಮೆಸೇಜ್: "ಸ್ವೆಟರ್ ಮರೀಬೇಡಿ ಮೇಡಂ, ಇಲ್ಲಿ ಚಳಿ ಜಾಸ್ತಿ." ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಬೆಳಿಗ್ಗೆ ಚಳಿಯಲ್ಲಿ ನಡುಗುತ್ತಾ ಜೀಪ್ ಹಿಡಿದು ಆಲ್ದೂರು ಕಡೆ ಹೋದೆವು. ಲೊಕೇಶನ್ ತೋರಿಸಿದ ಜಾಗಕ್ಕೇ ಬಂದೆವು. ಮನೆಯೂ ಅದೇ, ಫೋಟೊದಲ್ಲಿ ಇದ್ದ ಮನೆಯೇ. ಎಲ್ಲರಿಗೂ ಖುಷಿ. ಗೇಟ್ ಹತ್ತಿರ ಮಂಕಿ ಕ್ಯಾಪ್ ಹಾಕಿಕೊಂಡು ಒಬ್ಬ ಹಿರಿಯರು ನಿಂತಿದ್ದರು. ನಮ್ಮ ಬ್ಯಾಗ್‌ಗಳನ್ನು ನೋಡಿದ ಕೂಡಲೇ ಅವರ ಮುಖ ಸಪ್ಪಗಾಯಿತು.

"ಯಾರ ಹತ್ರ ಬುಕ್ ಮಾಡಿದ್ರಮ್ಮ? ನಾವು ಹೋಂಸ್ಟೇ ನಿಲ್ಲಿಸಿ ವರ್ಷಗಳಾಯ್ತು."

ಫೋಟೊ ತೋರಿಸಿದೆ. ಗಿಡದ ತುಂಬ ಬಿಳಿ ಕಾಫಿ ಹೂ, ಹಿಂದೆ ಮನೆ. ನಿನ್ನೆ ತೆಗೆದದ್ದು ಅಂತ ಅವನು ಕಳಿಸಿದ್ದ ಫೋಟೊ ಅದು. ಅವರು ನೋಡಿ, "ಮನೆ ನಮ್ದೇ, ಫೋಟೊನೂ ನಮ್ದೇ. ಡಿಸೆಂಬರ್‌ನಲ್ಲಿ ಹೂ ಎಲ್ಲಿಂದ ಬರುತ್ತಮ್ಮ? ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಬರೋದು. ಈಗ ಕೊಯ್ಲು" ಅಂದರು. ಪಕ್ಕದಲ್ಲೇ ಕಣದ ತುಂಬ ಕಾಫಿ ಹಣ್ಣು ಒಣಗಲು ಹರಡಿತ್ತು. ಬೆಂಗಳೂರಿನಲ್ಲಿ ಕೂತು ಕಾಫಿ ಕುಡಿಯುವ ನಮಗೆ ಹೂ ಯಾವಾಗ, ಹಣ್ಣು ಯಾವಾಗ ಯಾರಿಗೆ ಗೊತ್ತು?

ಅಲ್ಲೇ ನಿಂತು ಅವನಿಗೆ ಫೋನ್ ಮಾಡಿದೆ, ಸ್ಪೀಕರ್‌ನಲ್ಲಿ. ಎತ್ತಿದ! ಎತ್ತಲ್ಲ ಅಂದುಕೊಂಡಿದ್ದೆ. "ಬಂದ್ರಾ ಮೇಡಂ? ಗೇಟ್ ಹತ್ರಾನೇ ಇರಿ, ಹುಡುಗನ್ನ ಕಳಿಸ್ತೀನಿ. ಚೆಕ್‌ಇನ್ ಡೆಪಾಸಿಟ್ 5,000 ಒಂದು ಹಾಕ್ಬಿಡಿ, ಹೋಗುವಾಗ ವಾಪಸ್." ಆ ಹಿರಿಯರು ಫೋನ್ ತಗೊಂಡು, "ಯಾವನೋ ನೀನು? ಈ ತೋಟದ ಯಜಮಾನ ನಾನು" ಅಂದರು. ಅದಕ್ಕೆ ಅವನು ಏನಂದ ಗೊತ್ತಾ? "ಮೇಡಂ, ನಿಮ್ಮ ಪಕ್ಕದಲ್ಲಿ ಇರೋರು ಫ್ರಾಡ್. ಈ ಕಡೆ ಹಿಂಗೆ ತುಂಬಾ ಜನ ಇದಾರೆ. ನಂಬಬೇಡಿ."

ಅವರದೇ ತೋಟದಲ್ಲಿ ನಿಂತಿರುವವರನ್ನು ಫ್ರಾಡ್ ಅಂತಾನೆ! ಒಬ್ಬಳು ಗೆಳತಿ ನಗೋಕೆ ಶುರು ಮಾಡಿದಳು, ನನಗೆ ಅಳು ಬಂತು. ಸೈಬರ್ ಪೊಲೀಸ್‌ಗೆ ಕಂಪ್ಲೇಂಟ್ ಕೊಡ್ತೀನಿ ಅಂತ ಮೆಸೇಜ್ ಹಾಕಿದೆ. ಅಲ್ಲಿವರೆಗೂ ಮೇಡಂ ಮೇಡಂ ಅನ್ನುತ್ತಿದ್ದವನು "ಕೊಡ್ಕೋ ಹೋಗಮ್ಮ, ದಿನಾ ಹತ್ತು ಜನ ಕೊಡ್ತಾರೆ" ಅಂತ ಬರೆದು ಬ್ಲಾಕ್ ಮಾಡಿದ.

ಆ ಮನೆಯವರು ಕಾಫಿ ಕೊಟ್ಟರು, ತಿಂಡಿ ಕೊಟ್ಟರು. ನಮ್ಮ ಹಾಗೆ ಗೇಟ್‌ವರೆಗೆ ಬಂದು ವಾಪಸ್ ಹೋದವರು ಮುಂಚೆಯೂ ಇದ್ದಾರಂತೆ. ಚಿಕ್ಕಮಗಳೂರು ಪೇಟೆಗೆ ವಾಪಸ್ ಬಂದು ಲಾಡ್ಜ್ ಹುಡುಕಿದ್ದು, ಡಬಲ್ ರೇಟ್ ಕೊಟ್ಟಿದ್ದು, ಅದೆಲ್ಲ ಬಿಡಿ. ಮುಳ್ಳಯ್ಯನಗಿರಿಗೂ ಹೋಗಲಿಲ್ಲ. ಈಗ ಗಿರಿಗೆ ಹೋಗುವ ಗಾಡಿಗಳಿಗೆ ಮುಂಚೆಯೇ ಆನ್‌ಲೈನ್‌ನಲ್ಲಿ ಬುಕ್ ಮಾಡಿರಬೇಕು, ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಇದೆ. 'ನಾವೇ ಮಾಡಿಸಿರ್ತೀವಿ' ಅಂದಿದ್ದನಲ್ಲ ಮಹಾನುಭಾವ.

1930ಕ್ಕೆ ಫೋನ್ ಮಾಡಿದೆ. ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ಯುಟಿಆರ್ ನಂಬರ್ (ದುಡ್ಡು ಕಳಿಸಿದಾಗ ಬರುವ ವಹಿವಾಟಿನ ನಂಬರ್), ಮೊತ್ತ, ದಿನ, ಅವನ ಯುಪಿಐ ಐಡಿ ಕೇಳುತ್ತಾರೆ, ಸ್ಕ್ರೀನ್‌ಶಾಟ್ ಅಳಿಸಬೇಡಿ. ದುಡ್ಡು ಆ ಖಾತೆಯಲ್ಲಿ ಇನ್ನೂ ಇದ್ದರೆ ಬ್ಯಾಂಕ್ ತಡೆಹಿಡಿಯಬಹುದು. ಅದಕ್ಕೇ ಮೋಸ ಅಂತ ಗೊತ್ತಾದ ಗಳಿಗೆಯಲ್ಲೇ ಮಾಡಿ, ಮನೆಗೆ ಹೋಗಿ ಮಾಡೋಣ ಅನ್ನಬೇಡಿ. ನನ್ನ ಕೇಸ್‌ನಲ್ಲಿ ಅಷ್ಟರಲ್ಲಿ ದುಡ್ಡು ಬೇರೆ ಖಾತೆಗೆ ದಾಟಿತ್ತು. ದೂರಿನ ನಂಬರ್ ಸಿಕ್ಕಿದೆ, ನೋಡೋಣ.

'ಇಷ್ಟು ಓದಿದವಳು ಹೇಗೆ ನಂಬಿದೆ' ಅಂತ ಮನೆಯಲ್ಲಿ ಕೇಳಿದ್ದಾರೆ, ಆಫೀಸ್‌ನಲ್ಲೂ ಕೇಳಿದ್ದಾರೆ. ನೀವೂ ಕೇಳಬೇಡಿ. ಹೋಂಸ್ಟೇ ಬುಕ್ ಮಾಡುವ ಮುಂಚೆ ವೀಡಿಯೊ ಕಾಲ್ ಮಾಡಿಸಿ, ಗೇಟ್‌ನಿಂದ ಅಡುಗೆಮನೆವರೆಗೂ ತೋರಿಸು ಅನ್ನಿ. ನೆಟ್‌ವರ್ಕ್ ಇಲ್ಲ ಅಂದರೆ ಫೋನ್ ಇಡಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ. ಕ್ಯೂಆರ್‌ನಲ್ಲಿ ಬೇರೆ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ, ಅವನು ಕಡುಬು ತಿನ್ನಿಸ್ತೀನಿ ಅಂದರೂ ಅಷ್ಟೇ.

ಆ ಪೇಜ್ ಇನ್ನೂ ಇದೆ. ಹೆಸರು ಮಾತ್ರ ಬದಲಾಗಿದೆ. ಗೆಳತಿಯ ಅಕೌಂಟ್‌ನಿಂದ ನೋಡಿದರೆ ನ್ಯೂ ಇಯರ್ ಪ್ಯಾಕೇಜ್ ಹಾಕಿದ್ದಾನೆ, ಎರಡೇ ರೂಮ್ ಉಳಿದಿವೆಯಂತೆ. ಫೋಟೊ ಅದೇ ಕಾಫಿ ಹೂವಿಂದು. ಕಣ್ಣಿಗೆ ಬಿದ್ದರೆ ರಿಪೋರ್ಟ್ ಮಾಡಿ, ನಾವು ಐದೂ ಜನ ಮಾಡಿದ್ದೇವೆ.