ಗುನುಗಿದರೆ ಹಾಡು ಹುಡುಕಿಕೊಡುವ ಗೂಗಲ್: ಎಷ್ಟು ನಂಬಬಹುದು?

ಪದ ಮರೆತು ಧಾಟಿಯಷ್ಟೇ ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದರೆ, 2020ರಲ್ಲಿ ಗೂಗಲ್ ಆ್ಯಪ್‌ಗೆ ಬಂದ ಈ ಸೌಲಭ್ಯ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮೈಕ್ ಒತ್ತಿ, ಹಾಡು ಹುಡುಕುವ ಗುಂಡಿ ಆರಿಸಿ, 10–15 ಸೆಕೆಂಡ್ ಗುನುಗಬೇಕು. ಶಿಳ್ಳೆಯೂ ಆದೀತು. ಶ್ರುತಿ ಕೊಂಚ ತಪ್ಪಿದರೂ ಚಿಂತೆಯಿಲ್ಲ. ಅದಕ್ಕೆ ಬೇಕಿರುವುದು ಸ್ವರಗಳ ಏರಿಳಿತ, ಕಂಠಸಿರಿಯಲ್ಲ. ಹೆಚ್ಚಿನವರು ಎಡವುವುದು ಬೇರೆಡೆ: ಕಾಡುವ ತುಣುಕು ಸಾಮಾನ್ಯವಾಗಿ ಪಲ್ಲವಿಯ ಒಂದೇ ಸಾಲು, ಅದನ್ನೇ ಮೂರು ಸಲ ತಿರುವಿಹಾಕುತ್ತಾರೆ. ಮುಂದಿನ ಸಾಲು ಅರೆಬರೆ ನೆನಪಿದ್ದರೂ ಸೇರಿಸಿ. ಒಂದೇ ಸ್ವರಕ್ಕೆ ಅಂಟಿಕೊಂಡ ರ‍್ಯಾಪ್‌ಗೆ ಮಾತ್ರ ಇದನ್ನು ನೆಚ್ಚಬೇಡಿ. ಹಾಡು ಸಿಕ್ಕಿತೇ? ಕೊನೆಯವರೆಗೂ ಕೇಳಿ. ಅರ್ಧಕ್ಕೆ ನಿಂತ ತುಣುಕೇ ಮತ್ತೆ ಮತ್ತೆ ಮರಳುವುದು ಎಂಬ ಮಾತಿದೆ. ಮರೆತಿದ್ದ ಮುಖಗಳು ಎಷ್ಟೋ ಸಲ ಎರಡನೇ ಚರಣದಲ್ಲಿ ಕಾದಿರುತ್ತವೆ.